ವಿಧೇಯನಾಗಿ ನಗುವ ಮನುಷ್ಯ: ರುಡೋಲ್ಫ್ ಹ್ರುಶೀನ್ಸ್ಕಿ

ಒಂದು ಬಾಚಣಿಗೆಯಿಂದ ಶುರು ಮಾಡುತ್ತೇನೆ.

ಪೆಟ್ಟಿಗೆಯಲ್ಲಿ ಹೆಣ ಮಲಗಿದೆ. ಕಪ್ಪು ಸೂಟು ತೊಟ್ಟ, ತುಸು ದಪ್ಪಗಿನ ಮನುಷ್ಯನೊಬ್ಬ ಜೇಬಿನಿಂದ ಬಾಚಣಿಗೆ ತೆಗೆದು ಹೆಣದ ಕೂದಲನ್ನು ಅಕ್ಕರೆಯಿಂದ ಬಾಚುತ್ತಾನೆ. ಅಮ್ಮ ಮಗುವಿನ ತಲೆ ಬಾಚುವ ಹಾಗೆ. ಆಮೇಲೆ ಅದೇ ಬಾಚಣಿಗೆಯನ್ನು ತನ್ನ ತಲೆಗೂ ಒಮ್ಮೆ ಆಡಿಸಿಕೊಳ್ಳುತ್ತಾನೆ. ಮುಖದ ಮೇಲೆ ಒಂದು ಸಣ್ಣ ನಗು. ಅಷ್ಟೇ. ಕಿರುಚಾಟ ಇಲ್ಲ, ರಕ್ತ ಇಲ್ಲ. ಆದರೂ ಮೊದಲ ಸಲ ನೋಡಿದಾಗ ನನಗೆ ಸಿನಿಮಾ ನಿಲ್ಲಿಸಿ ಎದ್ದು ಹೋಗಿ ಕೈ ತೊಳೆದುಕೊಂಡು ಬರೋಣ ಅನ್ನಿಸಿತ್ತು.

ಇದು 1969ರಲ್ಲಿ ತೆರೆ ಕಂಡ 'ಶವ ಸುಡುವವನು' ಎಂಬ ಜೆಕ್ ಚಿತ್ರ. ಆ ಮನುಷ್ಯನ ಪಾತ್ರ ಮಾಡಿದ ನಟ ರುಡೋಲ್ಫ್ ಹ್ರುಶೀನ್ಸ್ಕಿ. ಯಾರಪ್ಪಾ ಈತ ಎಂದು ಹುಡುಕುತ್ತಾ ಹೋದಾಗ ಗೊತ್ತಾಗಿದ್ದು, ಜೆಕ್ ಜನರಿಗೆ ಈ ಮುಖ ಎಂದರೆ ಮೊದಲು ನೆನಪಾಗುವುದು ಕೊಲೆಗಾರನಲ್ಲ, ಶ್ವೇಯ್ಕ್! ಹಾಶೆಕ್‌ನ ಕಾದಂಬರಿಯ ಆ ಪೆದ್ದ ಸೈನಿಕ, ಅಥವಾ ಪೆದ್ದನ ಹಾಗೆ ಕಾಣುವ ಸೈನಿಕ. ಇಡೀ ದೇಶವನ್ನು ನಗಿಸಿದ ಮುಖವೇ ಹನ್ನೆರಡು ವರ್ಷದ ನಂತರ ಹೆಣದ ತಲೆ ಬಾಚುತ್ತಿದೆ. ಎರಡೂ ಕಡೆ ನಗು ಒಂದೇ! ಅವತ್ತಿನಿಂದ ಈ ಮನುಷ್ಯನ ಚಿತ್ರಗಳನ್ನು ಸಿಕ್ಕಸಿಕ್ಕಲ್ಲಿ ನೋಡುತ್ತಾ ಬಂದಿದ್ದೇನೆ. ಎಲ್ಲವನ್ನೂ ನೋಡಿಲ್ಲ, ನೋಡಿ ಮುಗಿಸುವಷ್ಟು ಕಡಿಮೆಯೂ ಇಲ್ಲ ಬಿಡಿ.

ಹ್ರುಶೀನ್ಸ್ಕಿ ಹುಟ್ಟಿದ್ದು 1920ರ ಅಕ್ಟೋಬರ್ 17ರಂದು, ದಕ್ಷಿಣ ಬೊಹೀಮಿಯಾದ ನೊವಾ ವ್ಚೆಲ್ನಿತ್ಸೆ ಎಂಬ ಪುಟ್ಟ ಊರಲ್ಲಿ. ಊರೂರು ಸುತ್ತುವ ನಾಟಕ ಕಂಪನಿಯ ಮನೆತನ. ನಾಟಕ ನಡೆಯುತ್ತಿರುವಾಗಲೇ ರಂಗದ ಹಿಂಬದಿಯಲ್ಲಿ ಹುಟ್ಟಿದ ಎಂಬ ಕತೆ ಇದೆ. ನಾಟಕದವರ ಮನೆಯ ಕತೆ, ಸ್ವಲ್ಪ ಬಣ್ಣ ಹಚ್ಚಿದ್ದರೂ ಹಚ್ಚಿರಬಹುದು. ಅಂತೂ ಬಣ್ಣದ ಪೆಟ್ಟಿಗೆಗಳ ನಡುವೆಯೇ ಬೆಳೆದ ಹುಡುಗ.

ಸಿನಿಮಾಕ್ಕೆ ಬಂದಿದ್ದೂ ಬೇಗ. 1939ರಲ್ಲಿ ಮಾರ್ಟಿನ್ ಫ್ರಿಚ್ ನಿರ್ದೇಶಿಸಿದ, ಶಾಲಾ ಹುಡುಗರು ಮತ್ತು ಮೇಷ್ಟ್ರುಗಳ ಹಾಸ್ಯಚಿತ್ರವೊಂದರಲ್ಲಿ ಈತ ವಿದ್ಯಾರ್ಥಿ. ಆ ಇಸವಿಯನ್ನು ಗಮನಿಸಿ. ಅದೇ ವರ್ಷದ ಮಾರ್ಚಿನಲ್ಲಿ ಹಿಟ್ಲರನ ಸೈನ್ಯ ಪ್ರಾಗ್ ಒಳಗೆ ಬಂದು ಕೂತಿತ್ತು. ಹೊರಗೆ ಬೂಟಿನ ಸದ್ದು, ಚಿತ್ರಮಂದಿರದ ಒಳಗೆ ತರಗತಿಯ ತರಲೆ. ಯುದ್ಧದ ಕಾಲದಲ್ಲಿ ನಾಟಕ, ಸಿನಿಮಾ ಎರಡೂ ಮಾಡಿಕೊಂಡು, ಯುದ್ಧ ಮುಗಿದ ಮೇಲೆ 'ಪಾಂಚೋ ಮದುವೆಯಾಗುತ್ತಾನೆ' (1946) ಎಂಬ ಚಿತ್ರವನ್ನು ತಾನೇ ನಿರ್ದೇಶಿಸಿದ. ಆದರೆ ನಿರ್ದೇಶಕನಾಗಿ ಈತನನ್ನು ಯಾರೂ ನೆನಪಿಟ್ಟುಕೊಂಡಿಲ್ಲ, ಆ ಭಾಗವನ್ನು ನಾನೂ ದಾಟಿ ಮುಂದೆ ಹೋಗುತ್ತೇನೆ.

ಶ್ವೇಯ್ಕ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಯಾರೊಸ್ಲಾವ್ ಹಾಶೆಕ್ 1923ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡ, ಕಾದಂಬರಿ ಅರ್ಧಕ್ಕೇ ನಿಂತಿತು. ಆದರೆ ಅಷ್ಟರಲ್ಲೇ ಶ್ವೇಯ್ಕ್ ಬದುಕಿಬಿಟ್ಟಿದ್ದ. ಮೊದಲ ಮಹಾಯುದ್ಧ, ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯ, ಆ ಸಾಮ್ರಾಜ್ಯದ ಸೇನೆಯಲ್ಲಿ ಒಬ್ಬ ಜೆಕ್ ಸೈನಿಕ. ಈತನಿಗೆ ಸೇನೆಯ ವೈದ್ಯರೇ ಅಧಿಕೃತವಾಗಿ ಪೆದ್ದ ಎಂದು ಸರ್ಟಿಫಿಕೇಟು ಕೊಟ್ಟಿದ್ದಾರೆ, ಅದನ್ನು ಯಾವ ಸಂಕೋಚವೂ ಇಲ್ಲದೆ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ. ಮೇಲಧಿಕಾರಿ ಏನು ಹೇಳಿದರೂ ಸೆಲ್ಯೂಟು ಹೊಡೆದು 'ವಿಧೇಯನಾಗಿ ವರದಿ ಒಪ್ಪಿಸುತ್ತೇನೆ' ಅನ್ನುತ್ತಾನೆ. ಹೇಳಿದ್ದನ್ನು ಅಕ್ಷರಶಃ ಮಾಡುತ್ತಾನೆ, ಎಷ್ಟು ಅಕ್ಷರಶಃ ಎಂದರೆ ಅದರಿಂದಲೇ ಎಲ್ಲ ಕೆಟ್ಟು ಕೂರುತ್ತದೆ. ಈತ ನಿಜವಾಗಿ ಪೆದ್ದನೋ, ಪೆದ್ದನ ವೇಷ ಹಾಕಿದ ಜಾಣನೋ? ಕಾದಂಬರಿ ಉತ್ತರ ಕೊಡುವುದಿಲ್ಲ. ಜನ ಇವತ್ತಿಗೂ ಜಗಳ ಆಡುತ್ತಾರೆ.

ಹ್ರುಶೀನ್ಸ್ಕಿಗಿಂತ ಮೊದಲೂ ಶ್ವೇಯ್ಕ್‌ಗಳಿದ್ದರು. 1926ರ ಮೂಕಿ ಚಿತ್ರದಲ್ಲಿ ಕಾರೆಲ್ ನೊಲ್, 1931ರ ವಾಕ್ಚಿತ್ರದಲ್ಲಿ ಸಾಶಾ ರಾಶಿಲೋವ್. ಕಾರೆಲ್ ಸ್ತೆಕ್ಲಿ ನಿರ್ದೇಶನದ ಎರಡು ಭಾಗಗಳ ಬಣ್ಣದ ಚಿತ್ರ ತಯಾರಾದದ್ದು 1956-57ರಲ್ಲಿ. ಎರಡನೇ ಭಾಗದ ಹೆಸರೇ 'ವಿಧೇಯನಾಗಿ ವರದಿ ಒಪ್ಪಿಸುತ್ತೇನೆ'. ನಿಜ ಹೇಳಬೇಕೆಂದರೆ ಸಿನಿಮಾ ಆಗಿ ಅದು ಅಂಥಾ ದೊಡ್ಡದೇನಲ್ಲ. ಯೋಸೆಫ್ ಲಾಡಾ ಬರೆದ ಪುಸ್ತಕದ ಚಿತ್ರಗಳಿಗೆ ಜೀವ ಕೊಡುವುದೇ ಗುರಿ ಎಂಬಂತೆ ಒಂದಾದ ಮೇಲೊಂದು ಪ್ರಸಂಗ ಜೋಡಿಸಿಕೊಂಡು ಹೋಗುತ್ತದೆ. ಅಲ್ಲಲ್ಲಿ ಆಕಳಿಕೆಯೂ ಬರುತ್ತದೆ. ಆದರೆ ಆ ಮುಖ! ಗುಂಡಗಿನ ಕೆನ್ನೆ, ಅರಳಿದ ಕಣ್ಣು, ಯಾವ ಬೈಗುಳ ಬಿದ್ದರೂ ಅಳಿಸದ ನಗು. ಲೆಫ್ಟಿನೆಂಟ್ ಲುಕಾಶ್ ಕೂಗಾಡಿ ಸುಸ್ತಾಗುತ್ತಾನೆ, ಇವನು ಮಾತ್ರ ಯಾವುದೋ ಊರಿನ ಯಾವುದೋ ಪರಿಚಯದವನ ಕತೆ ಶುರು ಮಾಡುತ್ತಾನೆ. ಹ್ರುಶೀನ್ಸ್ಕಿ ಇಲ್ಲಿ ನಗಿಸಲು ಏನನ್ನೂ ಮಾಡುವುದಿಲ್ಲ. ಕಣ್ಣು ಹೊಡೆಯುವುದಿಲ್ಲ, ನಾನು ಜಾಣ ಕಣ್ರೀ ಅಂತ ಪ್ರೇಕ್ಷಕರಿಗೆ ಗುಟ್ಟಾಗಿ ತಿಳಿಸುವುದೂ ಇಲ್ಲ. ಅದೇ ಆ ನಟನೆಯ ಗುಟ್ಟು ಅನ್ನಿಸುತ್ತದೆ.

ಕಮ್ಯುನಿಸ್ಟ್ ಸರಕಾರಕ್ಕೆ ಈ ಚಿತ್ರದಿಂದ ತೊಂದರೆ ಇರಲಿಲ್ಲ. ಗೇಲಿಯಾಗುತ್ತಿದ್ದದ್ದು ಸತ್ತುಹೋದ ಸಾಮ್ರಾಜ್ಯ ತಾನೇ. ಆದರೆ ಅಧಿಕಾರಿ, ಪೋಲೀಸು, ಹೋಟೆಲಿನ ಮೂಲೆಯಲ್ಲಿ ಕೂತು ಮಾತಿಗೆಳೆಯುವ ಗುಪ್ತಚರ ಇವರೆಲ್ಲ 1957ರ ಪ್ರಾಗಿನಲ್ಲಿ ಕಾಣೆಯಾಗಿರಲಿಲ್ಲ. ನಗುವವರು ಯಾರನ್ನು ನೆನೆಸಿಕೊಂಡು ನಗುತ್ತಾರೆ ಎಂದು ಟಿಕೆಟ್ ಕೌಂಟರಿನಲ್ಲಿ ಕೇಳಲಾಗುವುದಿಲ್ಲವಲ್ಲ.

1960ರಿಂದ ಹ್ರುಶೀನ್ಸ್ಕಿ ಪ್ರಾಗಿನ ರಾಷ್ಟ್ರೀಯ ರಂಗಮಂದಿರದ ನಟ. ಅರವತ್ತರ ದಶಕದ ನಡುವೆ ಜೆಕ್ ಸಿನಿಮಾದ ಹೊಸ ಅಲೆ ಎದ್ದಿತು. ಹೊಸ ಹುಡುಗರು, ಹೊಸ ಕ್ಯಾಮೆರಾ, ಬೀದಿಯಿಂದ ಕರೆತಂದ ಮುಖಗಳು. ನಲವತ್ತೈದು ದಾಟಿದ, ರಂಗಭೂಮಿಯಲ್ಲಿ ಪಳಗಿದ ಈ ಮನುಷ್ಯನಿಗೆ ಅದರಲ್ಲಿ ಜಾಗ ಸಿಗಬೇಕಾಗಿರಲಿಲ್ಲ. ಆದರೆ ಸಿಕ್ಕಿತು. ಯಿರ್ಝಿ ಮೆಂಜೆಲ್ ತನ್ನ 'ಚಂಚಲ ಬೇಸಿಗೆ'ಗೆ (1968) ಕರೆದ. ನದಿಯ ದಡದಲ್ಲಿ ಈಜುಗಟ್ಟೆ ನಡೆಸುವ ಆಂತೊನಿನ್ ದೂರಾ, ಅವನ ಇಬ್ಬರು ಗೆಳೆಯರು, ಒಬ್ಬ ಪಾದ್ರಿ, ಒಬ್ಬ ನಿವೃತ್ತ ಮೇಜರ್. ಮೂವರಿಗೂ ವಯಸ್ಸಾಗುತ್ತಿದೆ, ಮಳೆ ಬಿಡುತ್ತಿಲ್ಲ. ಹಗ್ಗದ ಮೇಲೆ ನಡೆಯುವ ಮಾಯಗಾರನೊಬ್ಬ ಊರಿಗೆ ಬರುತ್ತಾನೆ, ಜೊತೆಗೊಬ್ಬಳು ಹುಡುಗಿ. ಮೂವರೂ ಅವಳ ಹಿಂದೆ ಬಿದ್ದು ಮೂವರೂ ಪೆಚ್ಚಾಗುತ್ತಾರೆ. ಅಷ್ಟೇ ಕತೆ. ಮಾಯಗಾರ ಸ್ವತಃ ಮೆಂಜೆಲ್. ಹ್ರುಶೀನ್ಸ್ಕಿ ಹೊಟ್ಟೆ ಬಿಟ್ಟುಕೊಂಡು ಈಜುಡುಗೆಯಲ್ಲಿ ಓಡಾಡುತ್ತಾ ತತ್ವಜ್ಞಾನ ಮಾತಾಡುವುದನ್ನು ನೋಡುವುದೇ ಒಂದು ಸುಖ. ಆ ವರ್ಷ ಕಾರ್ಲೊವಿ ವಾರಿ ಚಿತ್ರೋತ್ಸವದಲ್ಲಿ ಇದಕ್ಕೆ ಅತ್ಯುನ್ನತ ಪ್ರಶಸ್ತಿ ಬಂತು. ಅದು 1968ರ ಜೂನ್ ತಿಂಗಳು. ಬೇಸಿಗೆ ಇನ್ನೂ ಮುಗಿದಿರಲಿಲ್ಲ.

ಅದೇ ಜೂನ್ 27ರಂದು ಲೇಖಕ ಲುದ್ವಿಕ್ ವಾಟ್ಸುಲಿಕ್ ಬರೆದ 'ಎರಡು ಸಾವಿರ ಶಬ್ದಗಳು' ಎಂಬ ಹೇಳಿಕೆ ಪತ್ರಿಕೆಗಳಲ್ಲಿ ಅಚ್ಚಾಯಿತು. ದುಬ್ಚೆಕ್ ಕಾಲದ ಸುಧಾರಣೆಗಳು ಹಿಂದಕ್ಕೆ ಹೋಗದಂತೆ ಜನರೇ ನೋಡಿಕೊಳ್ಳಬೇಕು, ಅಧಿಕಾರ ದುರುಪಯೋಗ ಮಾಡಿದವರು ಜಾಗ ಖಾಲಿ ಮಾಡಬೇಕು ಎಂಬ ಅರ್ಥದ ಬರಹ. ವಿಜ್ಞಾನಿಗಳು, ಕಲಾವಿದರು, ಕ್ರೀಡಾಪಟುಗಳು ಎಲ್ಲ ಸಹಿ ಹಾಕಿದ್ದರು. ಮೊದಲ ಸಹಿಗಳಲ್ಲಿ ಹ್ರುಶೀನ್ಸ್ಕಿಯದೂ ಒಂದು. ಮಾಸ್ಕೋಗೆ ಸಿಟ್ಟು ನೆತ್ತಿಗೇರಿತು. ಎರಡು ತಿಂಗಳೊಳಗೆ, ಆಗಸ್ಟ್ 20ರ ರಾತ್ರಿ, ಟ್ಯಾಂಕುಗಳು ಗಡಿ ದಾಟಿದವು.

ಟ್ಯಾಂಕುಗಳು ಬಂದಾಗ 'ಶವ ಸುಡುವವನು' ಚಿತ್ರೀಕರಣದ ನಡುವೆ ಇತ್ತು. ನಿರ್ದೇಶಕ ಯುರಾಯ್ ಹೆರ್ಟ್ಸ್. ಸ್ಲೊವಾಕಿಯಾದ ಯಹೂದಿ ಕುಟುಂಬದವನು, ಹತ್ತು ವರ್ಷದ ಹುಡುಗನಾಗಿದ್ದಾಗ ನಾಜಿ ಶಿಬಿರಗಳಲ್ಲಿದ್ದು ಬದುಕಿ ಬಂದವನು. ಆತನೇ ಈ ಕತೆ ಎತ್ತಿಕೊಂಡಿದ್ದ ಎಂಬುದನ್ನು ಮರೆಯಬಾರದು. ಮೂಲ ಕಾದಂಬರಿ ಲಾಡಿಸ್ಲಾವ್ ಫುಕ್ಸ್‌ನದು, 1967ರದ್ದು.

ನಾಯಕನ ಹೆಸರು ಕಾರೆಲ್ ಕೊಪ್‌ಫರ್ಕಿಂಗಲ್. (ನಮ್ಮ ಒತ್ತಕ್ಷರಗಳಿಗೂ ಸವಾಲು ಹಾಕುವ ಹೆಸರು, ಕ್ಷಮಿಸಿ!) ಮೂವತ್ತರ ದಶಕದ ಕೊನೆ, ಪ್ರಾಗಿನ ವಿದ್ಯುತ್ ಚಿತಾಗಾರದಂಥದ್ದೇ ಒಂದು ದಹನಗೃಹದ ನೌಕರ. ಕುಡಿಯುವುದಿಲ್ಲ, ಸೇದುವುದಿಲ್ಲ. ಹೆಂಡತಿಯನ್ನು ದೇವಲೋಕದವಳು ಎಂದು ಕರೆಯುತ್ತಾನೆ. ಸಂಗೀತ ಎಂದರೆ ಪ್ರಾಣ. ಟಿಬೆಟ್ ಬಗ್ಗೆ ಒಂದು ಪುಸ್ತಕ ಓದಿಕೊಂಡಿದ್ದಾನೆ, ಆತ್ಮ, ಮರುಹುಟ್ಟು ಎಲ್ಲ ಬಾಯಿಪಾಠ. ದೇಹವನ್ನು ಬೇಗ ಸುಟ್ಟಷ್ಟೂ ಆತ್ಮಕ್ಕೆ ಬೇಗ ಬಿಡುಗಡೆ ಎಂದು ನಂಬಿದ್ದಾನೆ. ಚಿತೆ, ಬೂದಿ, ಮರುಹುಟ್ಟು ಇವೆಲ್ಲ ನಮಗೆ ಹೊಸ ಮಾತುಗಳಲ್ಲ, ಮನೆಯ ಹಿರಿಯರ ಬಾಯಲ್ಲಿ ಕೇಳಿಕೊಂಡೇ ಬೆಳೆದವರು ನಾವು. ಅದಕ್ಕೇ ಇರಬೇಕು, ಅವೇ ಮಾತುಗಳನ್ನು ಈ ಮನುಷ್ಯನ ಮೃದು ದನಿಯಲ್ಲಿ ಕೇಳುವಾಗ ನನಗೆ ಹೊಟ್ಟೆಯೊಳಗೆ ತಣ್ಣಗಾಗಿದ್ದು.

ಹಳೆಯ ಗೆಳೆಯನೊಬ್ಬ ಬರುತ್ತಾನೆ, ರೈಂಕೆ. ನಾಜಿ ಪಕ್ಷದವನು. ನಿನ್ನಲ್ಲಿ ಜರ್ಮನ್ ರಕ್ತ ಇದೆ ಅನ್ನುತ್ತಾನೆ. ಕೊಪ್‌ಫರ್ಕಿಂಗಲ್‌ಗೆ ಮೊದಲು ಅನುಮಾನ, ಆಮೇಲೆ ಹೌದೇನೋ ಅನ್ನಿಸುತ್ತದೆ, ಆಮೇಲೆ ಹೌದು. ನಿನ್ನ ಹೆಂಡತಿಯಲ್ಲಿ ಯಹೂದಿ ರಕ್ತ ಇದೆ ಅನ್ನುತ್ತಾನೆ. ಮುಂದಿನದನ್ನು ನಾನು ಪೂರ್ತಿ ಹೇಳುವುದಿಲ್ಲ. ಇಷ್ಟು ಮಾತ್ರ: ಸ್ನಾನದ ಮನೆಯಲ್ಲಿ ಹೆಂಡತಿಯ ಕೊರಳಿಗೆ ಕುಣಿಕೆ ಹಾಕುವಾಗಲೂ ಆತ ಮಾತಾಡುವುದು ಇವತ್ತು ಸಂಜೆ ಹೊರಗೆ ಹೋಗೋಣವೇ ಎಂದು ಕೇಳುವ ದನಿಯಲ್ಲಿ. ಮಗ ಉಳಿಯುವುದಿಲ್ಲ. ಮಗಳ ಮೇಲೂ ಕೈ ಎತ್ತುತ್ತಾನೆ. ಎಲ್ಲರಿಗೂ ಬಿಡುಗಡೆ ಕೊಡುತ್ತಿದ್ದೇನೆ ಎಂದೇ ಕೊನೆಯ ತನಕ ಅವನ ನಂಬಿಕೆ. ಕೊನೆಗೆ ದೊಡ್ಡ ಪ್ರಮಾಣದ ಕೆಲಸವೊಂದು ಕಾದಿರುತ್ತದೆ. ಯಾವ ಕೆಲಸ ಎಂದು ಇತಿಹಾಸ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ.

ಚಿತ್ರ ಕಟ್ಟಿರುವ ರೀತಿಯೇ ಈ ಮುಖದ ಸುತ್ತ. ಛಾಯಾಗ್ರಾಹಕ ಸ್ತಾನಿಸ್ಲಾವ್ ಮಿಲೋತಾ ಅಗಲ ಕೋನದ ಮಸೂರಗಳನ್ನು ಹ್ರುಶೀನ್ಸ್ಕಿಯ ಮೂಗಿನ ಹತ್ತಿರಕ್ಕೆ ಒಯ್ಯುತ್ತಾನೆ. ಕೊಪ್‌ಫರ್ಕಿಂಗಲ್ ಒಂದು ಜಾಗದಲ್ಲಿ ಮಾತು ಶುರು ಮಾಡುತ್ತಾನೆ, ಮುಖ ತೆರೆ ತುಂಬ ಇದೆ, ಕ್ಯಾಮೆರಾ ಹಿಂದೆ ಸರಿದಾಗ ನೋಡಿದರೆ ಅವನಾಗಲೇ ಇನ್ನೊಂದು ಜಾಗದಲ್ಲಿ, ಇನ್ನೊಬ್ಬರ ಜೊತೆ ಅದೇ ಮಾತು ಮುಂದುವರಿಸುತ್ತಿದ್ದಾನೆ! ಮನೆ, ಊಟದ ಹಾಲು, ದಹನಗೃಹ, ನಾಜಿಗಳ ಕೂಟ ಎಲ್ಲ ಬದಲಾಗುತ್ತದೆ, ಮುಖ ಮಾತ್ರ ಬದಲಾಗುವುದಿಲ್ಲ. ಯಾವ ಕೋಣೆಗೆ ಹೋದರೂ ಆ ಕೋಣೆಯ ಯಜಮಾನನಿಗೆ ಹೊಂದಿಕೊಳ್ಳುವ ಮುಖ.

ಇಲ್ಲಿ ನನಗೆ ಮತ್ತೆ ಶ್ವೇಯ್ಕ್ ನೆನಪಾಗುತ್ತಾನೆ. ಆತನೂ ವಿಧೇಯ, ಈತನೂ ವಿಧೇಯ. ಶ್ವೇಯ್ಕ್ ಆಜ್ಞೆಯನ್ನು ಪಾಲಿಸಿ ಪಾಲಿಸಿಯೇ ಅದನ್ನು ಹಾಳು ಮಾಡುತ್ತಾನೆ, ಸಾಮ್ರಾಜ್ಯದ ಯಂತ್ರ ಇವನಿಂದಾಗಿ ಕೆಟ್ಟು ನಿಲ್ಲುತ್ತದೆ. ಕೊಪ್‌ಫರ್ಕಿಂಗಲ್‌ಗೆ ಆಜ್ಞೆ ಮಾಡುವುದೂ ಬೇಕಾಗಿಲ್ಲ, ಸುಳಿವು ಕೊಟ್ಟರೆ ಸಾಕು, ಯಂತ್ರಕ್ಕೆ ತಾನೇ ಎಣ್ಣೆ ಹಾಕಿಕೊಂಡು ಬರುತ್ತಾನೆ. ಒಬ್ಬನೇ ನಟ, ಒಂದೇ ನಗುವಿನಿಂದ ಎರಡನ್ನೂ ಮಾಡಿ ತೋರಿಸಿದ. ಬೇರೆ ನಟ ಆಗಿದ್ದರೆ ಕೊಲೆಗಾರನಿಗೆ ಕಣ್ಣಲ್ಲೊಂದು ಕ್ರೌರ್ಯ, ದನಿಯಲ್ಲೊಂದು ನಡುಕ ಇಡುತ್ತಿದ್ದನೇನೋ. ಹಾಗಾಗಿದ್ದರೆ ನಾವು ಬಚಾವು, ಅವನು ರಾಕ್ಷಸ, ನಾವಲ್ಲ ಎಂದು ಮನೆಗೆ ಹೋಗಬಹುದಿತ್ತು.

ಈ ಚಿತ್ರದ ಜೊತೆಗಾರರ ಪಾಡು ಕೇಳಿ. ಮಿಲೋತಾ 1969ರ ಜನವರಿಯಲ್ಲಿ, ಟ್ಯಾಂಕುಗಳ ಆಕ್ರಮಣವನ್ನು ವಿರೋಧಿಸಿ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ ವಿದ್ಯಾರ್ಥಿ ಯಾನ್ ಪಾಲಖ್‌ನ ಶವಯಾತ್ರೆಯನ್ನು ಚಿತ್ರೀಕರಿಸಿದವನು. ಮುಂದೆ ಸ್ಟುಡಿಯೋದಿಂದ ಹೊರಬಿದ್ದ. ಹೆಂಡತಿಯ ಪಾತ್ರ ಮಾಡಿದ ವ್ಲಾಸ್ತಾ ಖ್ರಮೊಸ್ತೊವಾ ಮಿಲೋತಾನ ಪತ್ನಿ. ಆಕೆ 'ಚಾರ್ಟರ್ 77'ಕ್ಕೆ ಸಹಿ ಹಾಕಿದಳು. ರಂಗದಿಂದ ದೂರ ಇಟ್ಟಾಗ ತನ್ನ ಫ್ಲ್ಯಾಟಿನ ನಡುಮನೆಯಲ್ಲೇ ನಾಟಕ ಆಡಿದಳು, ಹೊರಗೆ ಪೋಲೀಸರು ಕಾಯುತ್ತಿದ್ದರು. ಚಿತ್ರವೂ ಕೆಲವೇ ವರ್ಷಗಳಲ್ಲಿ ಪೆಟ್ಟಿಗೆ ಸೇರಿತು, ತಾಯ್ನಾಡಿನಲ್ಲಿ ಮತ್ತೆ ಹೊರಬರಲು 1989 ಮುಗಿಯಬೇಕಾಯಿತು. ಹೊರಗಡೆ ಮಾತ್ರ 1972ರಲ್ಲಿ ಸ್ಪೇನಿನ ಸಿಟ್ಜೆಸ್ ಚಿತ್ರೋತ್ಸವ ಹ್ರುಶೀನ್ಸ್ಕಿಗೆ ಅತ್ಯುತ್ತಮ ನಟ ಪ್ರಶಸ್ತಿ ಕೊಟ್ಟಿತು.

1969ರಲ್ಲೇ ಮೆಂಜೆಲ್ ಜೊತೆ ಇನ್ನೊಂದು ಚಿತ್ರ, 'ತಂತಿಯ ಮೇಲಿನ ಬಾನಾಡಿಗಳು'. ಬೊಹುಮಿಲ್ ಹ್ರಬಾಲ್ ಕತೆ. ಐವತ್ತರ ದಶಕದ ಗುಜರಿ ಅಂಗಳದಲ್ಲಿ 'ಬೂರ್ಜ್ವಾ'ಗಳಿಗೆ ಮರುಶಿಕ್ಷಣ: ಪ್ರೊಫೆಸರ್, ವಕೀಲ, ಸ್ಯಾಕ್ಸೊಫೋನ್ ನುಡಿಸುವವನು ಎಲ್ಲರೂ ಹಳೇ ಕಬ್ಬಿಣ ಎತ್ತುತ್ತಿದ್ದಾರೆ. ಹ್ರುಶೀನ್ಸ್ಕಿ ಅವರ ಮೇಲ್ವಿಚಾರಕ, ಪಕ್ಷದ ಮನುಷ್ಯ. ನಾನೂ ದುಡಿಯುವ ವರ್ಗದವನೇ ಕಣ್ರಪ್ಪಾ ಎಂದು ತೋರಿಸಿಕೊಳ್ಳಲು ಹೆಣಗುವ, ಸ್ವಲ್ಪ ನಗೆಪಾಟಲಿನ, ಸ್ವಲ್ಪ ಹೇಸಿಗೆ ಹುಟ್ಟಿಸುವ ಆಸಾಮಿ. ವಿಧೇಯತೆಯ ಮೂರನೇ ಮುಖ ಇದು, ಮೇಲಿನವರಿಗೆ ಬಾಗಿ ಕೆಳಗಿನವರನ್ನು ಬಾಗಿಸುವವನು. ಈ ಚಿತ್ರ ಬಿಡುಗಡೆಯೇ ಆಗಲಿಲ್ಲ, ನೇರವಾಗಿ ಕಪಾಟಿಗೆ ಹೋಯಿತು.

ನಟನೂ ಒಂದು ರೀತಿಯಲ್ಲಿ ಕಪಾಟು ಸೇರಿದ. 'ಎರಡು ಸಾವಿರ ಶಬ್ದಗಳ' ಸಹಿಯ ಬೆಲೆಯಾಗಿ ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಹ್ರುಶೀನ್ಸ್ಕಿಯನ್ನು ಸಿನಿಮಾ, ಟೀವಿಗಳಿಂದ ದೂರ ಇಟ್ಟರು. ರಂಗಮಂದಿರದ ಕೆಲಸ ಉಳಿಯಿತು. ಐವತ್ತರ ಹೊಸ್ತಿಲಲ್ಲಿದ್ದ ನಟ, ಕಸುಬು ಪೂರ್ತಿ ಮಾಗಿದ್ದ ಕಾಲ. ಆ ವರ್ಷಗಳಲ್ಲಿ ಮಾಡಬಹುದಾಗಿದ್ದ ಪಾತ್ರಗಳ ಪಟ್ಟಿ ಯಾರ ಬಳಿಯೂ ಇರುವುದಿಲ್ಲ.

ತೆರೆಗೆ ವಾಪಸ್ ಬಂದ ಮೇಲೆ ಹೆಚ್ಚಿನವು ಹಾಸ್ಯ ಪಾತ್ರಗಳೇ. 'ಅಡೆಲಾ ಇನ್ನೂ ಊಟ ಮಾಡಿಲ್ಲ' (1977) ಓಲ್ಡ್ರಿಖ್ ಲಿಪ್ಸ್ಕಿಯ ಪತ್ತೇದಾರಿ ಗೇಲಿ, ಮನುಷ್ಯರನ್ನು ನುಂಗುವ ಗಿಡದ ಕತೆ. ಅಮೆರಿಕದಿಂದ ಬಂದ ಪತ್ತೇದಾರ ನಿಕ್ ಕಾರ್ಟರ್‌ಗೆ ಜೊತೆಯಾಗುವ ಪ್ರಾಗಿನ ಪೋಲೀಸ್ ಅಧಿಕಾರಿ ಲೆಡ್ವಿನಾ ಈತ. (ಲೆಡ್ವಿನಾ ಎಂದರೆ ಜೆಕ್ ಭಾಷೆಯಲ್ಲಿ ಮೂತ್ರಪಿಂಡ!) ಅಪರಾಧಿ ಓಡುತ್ತಿದ್ದರೂ ಇವನಿಗೆ ಬಿಯರು, ಸಾಸೇಜು ಮೊದಲು. 'ಗುಂಡು ಮಿಂಚು' (1978) ಚಿತ್ರದಲ್ಲಿ ಹನ್ನೆರಡು ಕುಟುಂಬಗಳು ಒಂದೇ ದಿನ ಪರಸ್ಪರ ಮನೆ ಬದಲಾಯಿಸಿಕೊಳ್ಳುವ ಮಹಾ ಯೋಜನೆಯನ್ನು ಸೇನಾಪತಿಯ ಗಾಂಭೀರ್ಯದಿಂದ ನಡೆಸುವ ವಕೀಲ. ಮನೆ ಸಿಗದೆ ಒದ್ದಾಡುತ್ತಿದ್ದ ದೇಶದಲ್ಲಿ ಜನ ಎಷ್ಟು ನಕ್ಕಿರಬೇಕು ನೋಡಿ.

ಆದರೆ ನನಗೆ ಪ್ರಿಯವಾದದ್ದು 1985ರ ಮೆಂಜೆಲ್ ಚಿತ್ರ 'ನನ್ನ ಪುಟ್ಟ ಹಳ್ಳಿ'. ಅದರಲ್ಲಿ ಹ್ರುಶೀನ್ಸ್ಕಿ ಊರಿನ ಡಾಕ್ಟರ್. ಕಾರು ಓಡಿಸುತ್ತಾ ಬೆಟ್ಟ, ಹೊಲ, ಬೆಳಕು ನೋಡಿ ಮೈಮರೆಯುತ್ತಾನೆ, ಕವಿತೆ ಹೇಳಿಕೊಳ್ಳುತ್ತಾನೆ, ಕಾರು ಹೋಗಿ ಹಳ್ಳಕ್ಕೆ ಬೀಳುತ್ತದೆ. ಮತ್ತೆ ಎತ್ತಿಸಿಕೊಂಡು ಹೊರಡುತ್ತಾನೆ. ಮತ್ತೆ ಬೀಳುತ್ತದೆ. ಕೊಪ್‌ಫರ್ಕಿಂಗಲ್‌ನ ಅದೇ ಮೃದು ದನಿ ಇಲ್ಲಿ ರೋಗಿಗಳನ್ನು ಗದರುತ್ತದೆ, ಸಮಾಧಾನ ಮಾಡುತ್ತದೆ. ಆ ದನಿಯನ್ನು ಮತ್ತೆ ನಂಬಬಹುದು ಅನ್ನಿಸಿದ್ದು ನನಗೆ ಈ ಚಿತ್ರದಲ್ಲೇ. ಚಿತ್ರ ಆಸ್ಕರ್ ನಾಮನಿರ್ದೇಶನದ ತನಕ ಹೋಯಿತು.

1988ರಲ್ಲಿ, ಹಿಂದೊಮ್ಮೆ ತೆರೆಯಿಂದ ದೂರ ಇಟ್ಟಿದ್ದ ಅದೇ ಸರಕಾರ ಹ್ರುಶೀನ್ಸ್ಕಿಗೆ ರಾಷ್ಟ್ರೀಯ ಕಲಾವಿದ ಎಂಬ ಬಿರುದು ಕೊಟ್ಟಿತು. ಮರುವರ್ಷ ಸರಕಾರವೇ ಹೋಯಿತು. 1990ರ ಫೆಬ್ರವರಿಯಲ್ಲಿ 'ತಂತಿಯ ಮೇಲಿನ ಬಾನಾಡಿಗಳು' ಇಪ್ಪತ್ತೊಂದು ವರ್ಷದ ಧೂಳು ಕೊಡವಿಕೊಂಡು ಬರ್ಲಿನ್ ಚಿತ್ರೋತ್ಸವಕ್ಕೆ ಹೋಗಿ ಚಿನ್ನದ ಕರಡಿ ಗೆದ್ದಿತು. ಗೋಡೆ ಬಿದ್ದು ಮೂರು ತಿಂಗಳಾಗಿತ್ತಷ್ಟೇ. ಪಕ್ಷದ ಆ ಮೇಲ್ವಿಚಾರಕನ ಪಾತ್ರವನ್ನು ಜನ ನೋಡುವ ಹೊತ್ತಿಗೆ ಪಾತ್ರಧಾರಿಗೆ ಎಪ್ಪತ್ತು ಹತ್ತಿರ ಬಂದಿತ್ತು. ಅದೇ ವರ್ಷ ಆತ ಸಂಸತ್ತಿಗೂ ಆಯ್ಕೆಯಾಗಿ 1992ರ ತನಕ ಇದ್ದ. ನಡುವೆ ಯಾನ್ ಸ್ವೆರಾಕ್‌ನ 'ಪ್ರಾಥಮಿಕ ಶಾಲೆ'ಯಲ್ಲಿ (1991) ಹೆಡ್‌ಮಾಸ್ಟರ್. 1939ರಲ್ಲಿ ಬೆಂಚಿನ ಮೇಲೆ ಕೂತಿದ್ದ ಹುಡುಗ ಐವತ್ತು ವರ್ಷ ದಾಟಿ ಹೆಡ್‌ಮಾಸ್ಟರರ ಕೋಣೆಗೆ ಬಂದಿದ್ದ. ಆ ಚಿತ್ರದ ಮೇಷ್ಟ್ರು ಪಾತ್ರದಲ್ಲಿ, ದೇಶ ಬಿಟ್ಟು ಅಮೆರಿಕಕ್ಕೆ ಹೋಗಿ ಈಗ ವಾಪಸ್ ಬಂದಿದ್ದ ಯಾನ್ ತ್ರ್ಶೀಸ್ಕಾ. ಅವರಿಬ್ಬರೂ ಒಂದೇ ಚೌಕಟ್ಟಿನಲ್ಲಿ ನಿಂತಾಗ ಕತೆಗಿಂತ ಬೇರೆ ಏನೋ ನೋಡುತ್ತಿದ್ದೇನೆ ಅನ್ನಿಸಿತ್ತು.

1994ರ ಏಪ್ರಿಲ್ 13ರಂದು ಪ್ರಾಗಿನಲ್ಲಿ ತೀರಿಕೊಂಡ. ಮಕ್ಕಳು ರುಡೋಲ್ಫ್ ಮತ್ತು ಯಾನ್ ಇಬ್ಬರೂ ನಟರೇ.

ಈ ಚಿತ್ರಗಳನ್ನು ನೋಡುವ ಮನಸ್ಸಿದ್ದರೆ ಒಂದು ಮಾತು. ಮೊದಲು ಶ್ವೇಯ್ಕ್ ನೋಡಿ, ಆಮೇಲೆ 'ಶವ ಸುಡುವವನು', ಕೊನೆಗೆ ಹಳ್ಳಿಯ ಡಾಕ್ಟರು. ನಾನು ತಿರುಗುಮುರುಗಾಗಿ ನೋಡಿಬಿಟ್ಟೆ. ಅದಕ್ಕೇ ಈಗಲೂ ಶ್ವೇಯ್ಕ್ ಸೆಲ್ಯೂಟು ಹೊಡೆದು ನಗುವಾಗ, ಈತ ಈಗ ಜೇಬಿನಿಂದ ಬಾಚಣಿಗೆ ತೆಗೆಯುತ್ತಾನೇನೋ ಎಂದು ಕಾಯುತ್ತಿರುತ್ತೇನೆ.